ಓದುಗರ ಪ್ರಶ್ನೆ: ಬಯಾಫ್ರಾದ ಲೆಕ್ಕ ಇನ್ನೂ ಯಾಕೆ ಚುಕ್ತಾ ಆಗ್ಲಿಲ್ಲ?

ಹೋದ ಸಂಚಿಕೆಯಲ್ಲಿ ನೈಜೀರಿಯಾದ ನ್ನಾಮ್ಡಿ ಕಾನು ಅನ್ನುವವರಿಗೆ 2025ರ ನವೆಂಬರ್ 20ಕ್ಕೆ ಅಬುಜಾದ ಕೋರ್ಟು ಭಯೋತ್ಪಾದನೆ ಕೇಸಲ್ಲಿ ಜೀವಾವಧಿ ಶಿಕ್ಷೆ ಕೊಟ್ಟದ್ದರ ಬಗ್ಗೆ ನಾಲ್ಕು ಸಾಲು ಹಾಕಿದ್ದೆವು. ಇಗ್ಬೊ ಜನರಿಗೆ ಬಯಾಫ್ರಾ ಅಂತ ಬೇರೆ ದೇಶ ಬೇಕು ಅಂತ ಹೇಳುವ ಸಂಘಟನೆಯ ಲೀಡರ್ ಇವರು. ಆ ನಾಲ್ಕು ಸಾಲಿಗೆ ಬಂದ ಪತ್ರ ನೋಡಿದ್ರೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಡ್ಬೇಕಾಯ್ತು. "ಕರಾವಳಿಯ ಪತ್ರಿಕೆಗೆ ಆಫ್ರಿಕಾದ ಉಸಾಬರಿ ಎಂತಕ್ಕೆ" ಅಂತ ಒಬ್ರು ಬೈದಿದ್ದಾರೆ, ಅವರು ದಯವಿಟ್ಟು ಗೇರುಬೀಜದವರ ಪ್ರಶ್ನೆ ಓದಿ.

ನಮ್ಮ ಕ್ಲಾಸಲ್ಲಿ ಒಬ್ಬ ನೈಜೀರಿಯಾದವ ಇದ್ದಾನೆ. ನೈಜೀರಿಯನ್ ಅಂದ್ರೆ ಅವನಿಗೆ ಸಿಟ್ಟು ಬರ್ತದೆ, "ನಾನು ಇಗ್ಬೊ, ನಮ್ಮದು ಬಯಾಫ್ರಾ" ಅಂತಾನೆ. ಮ್ಯಾಪಲ್ಲಿ ಹುಡುಕಿದ್ರೆ ಅಂಥ ದೇಶವೇ ಇಲ್ಲ. ಎಂತ ಕತೆ ಇದು?
— ವಿದ್ಯಾರ್ಥಿ, ಸುರತ್ಕಲ್

ಆ ದೇಶ ಇತ್ತು, ಎರಡೂವರೆ ವರ್ಷ ಇತ್ತು. 1967ರ ಮೇ 30ಕ್ಕೆ ಹುಟ್ಟಿ 1970ರ ಜನವರಿ 15ಕ್ಕೆ ಮುಗಿಯಿತು, ಸ್ವಂತ ಬಾವುಟ, ನೋಟು, ಪಾಸ್‌ಪೋರ್ಟು ಎಲ್ಲ ಇತ್ತು. ನಿಮ್ಮ ಫ್ರೆಂಡ್ ಹುಟ್ಟುವ ಎಷ್ಟೋ ಮೊದಲೇ ಅದು ಹೋಗಿ ಆಗಿದೆ, ಅವನ ಅಪ್ಪನೂ ಆಗ ಹುಟ್ಟಿರ್ಲಿಕ್ಕಿಲ್ಲ, ಆದ್ರೂ ಅವನು ಹಾಗೆ ಹೇಳ್ತಾನಲ್ಲ, ಅದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು.

1914ರಲ್ಲಿ ಬ್ರಿಟಿಷರು ಉತ್ತರವನ್ನೂ ದಕ್ಷಿಣವನ್ನೂ ಜೋಡಿಸಿ ಒಂದೇ ನೈಜೀರಿಯಾ ಮಾಡಿದ್ರು, ಆಡಳಿತದ ಖರ್ಚು ಕಡಿಮೆ ಆಗ್ಬೇಕು ಅಂತ. ಉತ್ತರದಲ್ಲಿ ಹೌಸಾ-ಫುಲಾನಿ ಮುಸ್ಲಿಮರು, ನೈಋತ್ಯಕ್ಕೆ ಯೊರುಬಾ, ಆಗ್ನೇಯಕ್ಕೆ ಇಗ್ಬೊ, ನಡುವೆ ನಡುವೆ ನೂರಾರು ಸಣ್ಣ ಸಮುದಾಯ. ಇಗ್ಬೊದವರಿಗೆ ಭೂಮಿ ಕಡಿಮೆ, ಜನ ಜಾಸ್ತಿ, ಮಿಷನ್ ಶಾಲೆಗಳನ್ನು ಗಟ್ಟಿ ಹಿಡ್ಕೊಂಡ್ರು, ಕಲಿತು ರೈಲ್ವೆ ಅಂಚೆ ಬ್ಯಾಂಕು ಅಂತ ಉತ್ತರದ ಊರುಗಳಿಗೆಲ್ಲ ಹೋಗಿ ಕೂತ್ಕೊಂಡ್ರು, ಅಂಗಡಿ ಇಟ್ರು. ಪರ ಊರಲ್ಲಿ ಹೋಗಿ ಮುಂದೆ ಬಂದವರ ಬಗ್ಗೆ ಅಲ್ಲಿಯವರಿಗೆ ಎಂತ ಅನಿಸ್ತದೆ ಅಂತ ಮುಂಬೈಯಲ್ಲಿ ಅರವತ್ತರ ದಶಕ ಕಂಡ ನಮ್ಮವರಿಗೆ ಬಿಡಿಸಿ ಹೇಳ್ಬೇಕಂತ ಇಲ್ಲ.

1960ರ ಅಕ್ಟೋಬರ್ 1ಕ್ಕೆ ಸ್ವಾತಂತ್ರ್ಯ ಸಿಕ್ಕಿತು. ಐದು ವರ್ಷ ಕಳೆದು ಸ್ವಲ್ಪಕ್ಕೆ, 1966ರ ಜನವರಿ 15ಕ್ಕೆ ಕೆಲವು ಮೇಜರ್‌ಗಳು ದಂಗೆ ಎದ್ದು ಪ್ರಧಾನಿ ಬಲೇವಾರನ್ನು, ಉತ್ತರದ ದೊಡ್ಡ ನಾಯಕ ಅಹಮದು ಬೆಲ್ಲೊರನ್ನು, ಪಶ್ಚಿಮದ ಅಕಿಂಟೋಲಾರನ್ನು ಕೊಂದ್ರು. ಆ ಮೇಜರ್‌ಗಳಲ್ಲಿ ಹೆಚ್ಚಿನವರು ಇಗ್ಬೊ, ಪೂರ್ವದ ಇಗ್ಬೊ ಪ್ರೀಮಿಯರ್ ಉಳಿದ್ರು, ದಂಗೆ ಅಡಗಿಸಿ ಅಧಿಕಾರಕ್ಕೆ ಕೂತ ಜನರಲ್ ಇರೊನ್ಸಿಯೂ ಇಗ್ಬೊ, ಸಾಕಾಯ್ತಲ್ಲ, ಇದು "ಇಗ್ಬೊಗಳ ದಂಗೆ" ಅಂತ ಉತ್ತರದಲ್ಲಿ ಗಟ್ಟಿ ಆಯ್ತು. (ಹಾಗಲ್ಲ ಅಂತ ಮಾಜಿ ಮಿಲಿಟರಿ ಆಡಳಿತಗಾರ ಬಾಬಂಗಿಡಾ ಬರೆದದ್ದು ಯಾವಾಗ ಗೊತ್ತುಂಟಾ? 2025ರಲ್ಲಿ. ಅವರೇ ಉತ್ತರದ ಕಡೆಯವರು.) ಜುಲೈಯಲ್ಲಿ ಉತ್ತರದ ಸೈನಿಕರು ತಿರುಗಿ ದಂಗೆ ಮಾಡಿ ಇರೊನ್ಸಿಯನ್ನು ಕೊಂದ್ರು, ಗೋವನ್ ಅನ್ನುವ ಸೇನಾಧಿಕಾರಿ ಅಧಿಕಾರಕ್ಕೆ ಬಂದ್ರು. ಆ ವರ್ಷ ಮೇಯಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಉತ್ತರದ ಊರುಗಳಲ್ಲಿ ಇಗ್ಬೊಗಳನ್ನು ಹುಡುಕಿ ಹುಡುಕಿ ಕೊಂದ್ರು, ಸತ್ತವರು ಸಾವಿರಾರು, 30,000 ಅಂತಲೂ ಹೇಳುವವರುಂಟು, ಹತ್ತು ಲಕ್ಷಕ್ಕೂ ಜಾಸ್ತಿ ಜನ ರೈಲು ಲಾರಿ ಹತ್ತಿ ಪೂರ್ವಕ್ಕೆ ಓಡಿ ಬಂದ್ರು. ಬಯಾಫ್ರಾ ಹುಟ್ಟಿದ್ದು ಇಲ್ಲಿ. ಎಣ್ಣೆಗೋಸ್ಕರ ಹುಟ್ಟಿದ್ದು ಅಂತ ತುಂಬ ಜನ ಬರೀತಾರೆ, ಎಣ್ಣೆ ಇತ್ತು, ಅದರ ಲೆಕ್ಕಾಚಾರವೂ ಇತ್ತು, ಆದ್ರೆ ಕೈಕಾಲು ಕಳಕೊಂಡು ರೈಲಿಂದ ಇಳಿದವರನ್ನು ಸ್ಟೇಷನಲ್ಲಿ ಕಂಡ ಊರಿಗೆ ಎಣ್ಣೆಯ ಪಾಠ ಬೇಕಿರ್ಲಿಲ್ಲ.

1967ರ ಜನವರಿಯಲ್ಲಿ ಘಾನಾದ ಅಬೂರಿಯಲ್ಲಿ ಎರಡು ದಿನ ಮಾತುಕತೆ ಆಯ್ತು, ಅಲ್ಲಿ ಒಪ್ಪಿದ್ದು ಎಂತ ಅಂತ ಊರಿಗೆ ವಾಪಸ್ ಬಂದ ಮೇಲೆ ಎರಡೂ ಕಡೆಯವರು ಬೇರೆ ಬೇರೆ ಹೇಳಿದ್ರು. ಮೇ 27ಕ್ಕೆ ಗೋವನ್ ದೇಶವನ್ನು 12 ರಾಜ್ಯ ಮಾಡಿ ಪೂರ್ವವನ್ನು ಮೂರು ತುಂಡು ಮಾಡಿದ್ರು, ಮೂರೇ ದಿನಕ್ಕೆ ಪೂರ್ವದ ಮಿಲಿಟರಿ ಗವರ್ನರ್ ಒಜುಕ್ವು ಬೇರೆ ದೇಶ ಘೋಷಿಸಿದ್ರು. ಜುಲೈ 6ಕ್ಕೆ ಯುದ್ಧ. ಅಕ್ಟೋಬರಿಗೆ ರಾಜಧಾನಿ ಎನುಗು ಹೋಯ್ತು, ಮಾರನೇ ವರ್ಷ ಮೇಯಲ್ಲಿ ಬಂದರು ಪೋರ್ಟ್ ಹಾರ್ಕೋರ್ಟ್ ಹೋಯ್ತು, ಆಮೇಲೆ ಸುತ್ತ ಮುತ್ತಿಗೆ ಹಾಕಿದ ಒಂದು ತುಂಡು ನೆಲ, ಅದರೊಳಗೆ ಲಕ್ಷಗಟ್ಟಲೆ ಹಸಿದ ಜನ. ಸತ್ತವರ ಅಂದಾಜು ಹತ್ತು ಲಕ್ಷದಿಂದ ಮೂವತ್ತು ಲಕ್ಷದ ತನಕ ಉಂಟು, ಹೆಚ್ಚಿನವರು ಮಕ್ಕಳು, ಗುಂಡಿಗಿಂತ ಹಸಿವಿಗೆ ಸತ್ತದ್ದು.

ಅಸಾಬಾ ಅಂತ ಇಗ್ಬೊಗಳ ಒಂದು ಊರು ಉಂಟು, ನೈಜರ್ ನದಿಯ ಆಚೆ ದಡ. 1967ರ ಅಕ್ಟೋಬರಲ್ಲಿ ಒಕ್ಕೂಟದ, ಅಂದ್ರೆ ನೈಜೀರಿಯಾ ಸರ್ಕಾರದ, ಸೈನ್ಯ ಬಂದಾಗ ಊರವರು ಬಿಳಿ ಬಟ್ಟೆ ಉಟ್ಟು ಕುಣ್ಕೊಂಡು "ಒಂದೇ ನೈಜೀರಿಯಾ" ಅಂತ ಕೂಗಿ ಸ್ವಾಗತ ಮಾಡ್ಲಿಕ್ಕೆ ಬಂದಿದ್ರು. ಗಂಡಸರನ್ನೂ ಹುಡುಗರನ್ನೂ ಬೇರೆ ಮಾಡಿ ನೂರಾರು ಜನರನ್ನು ಗುಂಡು ಹೊಡೆದು ಕೊಂದ್ರು. ನಿಮ್ಮ ಫ್ರೆಂಡ್‌ನ ಹತ್ರ ವಾದಕ್ಕೆ ಹೋಗುವ ಮೊದಲು ಅವರ ಮನೆಯಲ್ಲಿ ಅಜ್ಜ-ಅಜ್ಜಿ ಯಾವ ಊರಿನವರು ಅಂತ ಕೇಳಿ ನೋಡಿ.

ಬಾಂಗ್ಲಾದೇಶಕ್ಕೆ 1971ರಲ್ಲಿ ಸಿಕ್ಕಿತು, ಬಯಾಫ್ರಾಕ್ಕೆ ಯಾಕೆ ಸಿಗ್ಲಿಲ್ಲ? ಭಾರತ ಯಾರ ಕಡೆ ಇತ್ತು?
— ನಿವೃತ್ತ ಅಧ್ಯಾಪಕರು, ಕಾರ್ಕಳ

ಮೇಷ್ಟ್ರೇ, ಒಂದೇ ಉತ್ತರ ಅಂದ್ರೆ ಬಯಾಫ್ರಾದ ಪಕ್ಕದಲ್ಲಿ ಭಾರತದಂಥ ದೇಶ ಇರ್ಲಿಲ್ಲ. ಪಕ್ಕದ ಕ್ಯಾಮರೂನ್ ಗಡಿ ಮುಚ್ಚಿತು, ಸಮುದ್ರದಲ್ಲಿ ನೈಜೀರಿಯಾದ ನೌಕಾಪಡೆ ನಿಂತಿತ್ತು. ಆಫ್ರಿಕಾ ಏಕತಾ ಸಂಘಟನೆಯವರು 1964ರಲ್ಲೇ ಕೈರೋದಲ್ಲಿ ನಿರ್ಣಯ ಮಾಡಿ ಆಗಿತ್ತು, ವಸಾಹತುಶಾಹಿ ಬಿಟ್ಟು ಹೋದ ಗಡಿಯನ್ನು ಯಾರೂ ಮುಟ್ಟಬಾರದು ಅಂತ, ಯಾಕಂದ್ರೆ ಒಬ್ರದ್ದು ಮುಟ್ಟಿದ್ರೆ ಎಲ್ಲರದ್ದೂ ಬಿಚ್ಚಿಕೊಳ್ತದೆ. ಬ್ರಿಟನ್ನಿಗೆ ಶೆಲ್-ಬಿಪಿಯ ಎಣ್ಣೆ ಇತ್ತು, ಅವರು ನೈಜೀರಿಯಾಕ್ಕೆ ಶಸ್ತ್ರ ಕೊಟ್ಟರು. ಸೋವಿಯತ್ ಮಿಗ್ ವಿಮಾನ ಕೊಟ್ಟಿತು, ಅದನ್ನು ಹಾರಿಸಿದ್ದು ಈಜಿಪ್ಟಿನ ಪೈಲಟ್‌ಗಳು. ಶೀತಲ ಸಮರದ ಮಧ್ಯೆ ಲಂಡನ್ನೂ ಮಾಸ್ಕೋವೂ ಒಂದೇ ಕಡೆ ನಿಂತ ಯುದ್ಧ ಬೇರೆ ಎಷ್ಟು ಸಿಗ್ತದೆ ಹೇಳಿ! ಫ್ರಾನ್ಸ್ ಬಯಾಫ್ರಾಕ್ಕೆ ಕದ್ದು ಸಹಾಯ ಮಾಡಿತು, ಮಾನ್ಯತೆ ಕೊಡ್ಲಿಲ್ಲ. ಮಾನ್ಯತೆ ಕೊಟ್ಟದ್ದು ಟಾಂಜಾನಿಯಾ, ಗ್ಯಾಬೊನ್, ಐವರಿ ಕೋಸ್ಟ್, ಜಾಂಬಿಯಾ, ಹೈಟಿ, ಅಷ್ಟೇ. ಭಾರತ ಕೊಡ್ಲಿಲ್ಲ, ನಮಗೂ ಗಡಿಯ ಚಿಂತೆ ಇತ್ತಲ್ಲ.

ಪೀಡಿಯಾಟ್ರಿಕ್ಸ್ ಪಾಠದಲ್ಲಿ ಕ್ವಾಶಿಯೋರ್ಕರ್ (ಪ್ರೋಟೀನ್ ಸಾಲದೆ ಮಕ್ಕಳಿಗೆ ಬರುವ ಕಾಯಿಲೆ) ಬಂದಾಗೆಲ್ಲ ಬಯಾಫ್ರಾದ ಫೋಟೋ ತೋರಿಸ್ತಾರೆ. ಮುತ್ತಿಗೆ ಹಾಕಿದ್ರೆ ಊಟ ಇಲ್ಲದೆ ಸಾಯುವುದು ಸರಿ, ಈ ಕಾಯಿಲೆಯೇ ಯಾಕೆ ಅಷ್ಟು?
— ನರ್ಸಿಂಗ್ ವಿದ್ಯಾರ್ಥಿನಿ, ಮಣಿಪಾಲ

ಒಳ್ಳೆ ಪ್ರಶ್ನೆ ಮಗಾ. ಇಗ್ಬೊ ನೆಲದಲ್ಲಿ ಬೆಳೆಯುವುದು ಯಾಮ್ ಗೆಡ್ಡೆ, ಮರಗೆಣಸು. ಹೊಟ್ಟೆ ತುಂಬ್ತದೆ, ಪ್ರೋಟೀನ್ ತೀರ ಕಡಿಮೆ. ಪ್ರೋಟೀನ್ ಬರ್ತಿದ್ದದ್ದು ಹೊರಗಿಂದ, ಉತ್ತರದಿಂದ ದನದ ಮಾಂಸ, ನಾರ್ವೆಯಿಂದ ಒಣಮೀನು. ಹೌದು ಮಾರಾಯ್ರೆ, ಉತ್ತರ ಧ್ರುವದ ಹತ್ತಿರ ಚಳಿಗಾಳಿಯಲ್ಲಿ ಒಣಗಿಸಿದ ಕಾಡ್ ಮೀನು, ಕಟ್ಟಿಗೆಯ ಹಾಗೆ ಗಟ್ಟಿ, ಅಲ್ಲಿಯವರು ಒಕ್ಪೊರೊಕೊ ಅಂತಾರೆ, ಇವತ್ತಿಗೂ ಅದು ಇಲ್ಲದೆ ಸಾರು ಆಗುವುದಿಲ್ಲ. ಯುದ್ಧದಲ್ಲಿ ಉತ್ತರದ ದಾರಿಯೂ ಬಂದ್, ಬಂದರೂ ಬಂದ್. ಮಕ್ಕಳಿಗೆ ಗೆಣಸು ಮಾತ್ರ ಸಿಕ್ಕಿತು, ಅದೂ ಮತ್ತೆ ಮುಗಿಯಿತು. ಹೊಟ್ಟೆ ಕಾಲು ಊದಿ, ಕೂದಲು ಕೆಂಪಾಗಿ... ನಿಮಗೆ ಲಕ್ಷಣ ನಾನು ಹೇಳ್ಬೇಕಾಗಿಲ್ಲ. ಹಸಿವೂ ಯುದ್ಧದ ಒಂದು ಆಯುಧ ಅಂತ ಸರ್ಕಾರದ ಕಡೆಯವರು ಬಹಿರಂಗವಾಗಿಯೇ ವಾದ ಮಾಡಿದ್ರು. ಈ ಕಡೆ ಒಜುಕ್ವು ಕೂಡ ಹಗಲು ಸಹಾಯ ಬರುವ ದಾರಿಗೆ ಒಪ್ಪಲಿಲ್ಲ, ಒಕ್ಕೂಟ ಸರ್ಕಾರ ತಪಾಸಣೆ ಮಾಡಿ ಕಳಿಸಿದ ಊಟ ತಿಂದ್ರೆ ಸೋಲು ಒಪ್ಪಿಕೊಂಡ ಹಾಗೆ ಅಂತ, ವಿಷ ಹಾಕ್ತಾರೆ ಅನ್ನುವ ಭಯವೂ ಇತ್ತು. ಆ ಹಠಕ್ಕೆ ಬೆಲೆ ಕೊಟ್ಟದ್ದು ಅವರಲ್ಲ.

ಉಲಿ ಅನ್ನುವಲ್ಲಿ ಹೆದ್ದಾರಿಯ ಒಂದು ತುಂಡನ್ನೇ ರನ್‌ವೇ ಮಾಡಿದ್ರು. ಸಾವೊ ಟೋಮೆ ದ್ವೀಪದಿಂದ ರಾತ್ರಿ ವಿಮಾನ ಹೊರಟು, ಇಳಿಯುವಾಗ ಮಾತ್ರ ದೀಪ ಹಾಕಿ ಕೂಡ್ಲೇ ಆರಿಸಿ, ಮೇಲಿಂದ ಬಾಂಬು ಬೀಳ್ತಿರುವಾಗ ಒಣಮೀನು, ಹಾಲಿನ ಪುಡಿ, ಉಪ್ಪು ಇಳಿಸ್ತಿದ್ರು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಚರ್ಚುಗಳು ಸೇರಿ ನಡೆಸಿದ ಈ ವಿಮಾನಗಳಿಗೆ ಪೈಲಟ್‌ಗಳು ಇಟ್ಟ ಹೆಸರು "ಜೀಸಸ್ ಕ್ರೈಸ್ಟ್ ಏರ್‌ಲೈನ್ಸ್". 1969ರ ಜೂನಲ್ಲಿ ರೆಡ್ ಕ್ರಾಸಿನ ಒಂದು ವಿಮಾನವನ್ನು ನೈಜೀರಿಯಾ ಹೊಡೆದು ಉರುಳಿಸಿತು, ರೆಡ್ ಕ್ರಾಸ್ ನಿಲ್ಲಿಸಿತು, ಚರ್ಚಿನವರು ನಿಲ್ಲಿಸ್ಲಿಲ್ಲ. ರೆಡ್ ಕ್ರಾಸಿನ ಪರವಾಗಿ ಹೋದ ಫ್ರೆಂಚ್ ಡಾಕ್ಟ್ರುಗಳಿಗೆ, ಕಂಡದ್ದನ್ನು ಹೊರಗೆ ಮಾತಾಡಬಾರದು ಅನ್ನುವ ನಿಯಮ ಸಹಿಸ್ಲಿಕ್ಕೆ ಆಗ್ಲಿಲ್ಲ. ಅವರಲ್ಲಿ ಕೆಲವರು ಸೇರಿ 1971ರಲ್ಲಿ ಶುರು ಮಾಡಿದ್ದೇ ಗಡಿಯಿಲ್ಲದ ವೈದ್ಯರ ಸಂಸ್ಥೆ, ಎಂಎಸ್ಎಫ್. ನೀವು ಕೋರ್ಸ್ ಮುಗಿಸಿ ಅರ್ಜಿ ಹಾಕ್ಲಿಕ್ಕೆ ಆಗುವ ಸಂಸ್ಥೆ ಅದು.

ಯುದ್ಧ ಮುಗಿದ ಮೇಲೆ ಇಗ್ಬೊಗಳ ಬ್ಯಾಂಕ್ ಖಾತೆಯಲ್ಲಿ ಎಷ್ಟೇ ಇದ್ರೂ 20 ಪೌಂಡ್ ಮಾತ್ರ ಕೊಟ್ಟರು ಅಂತ ಓದಿದೆ. ನಾನು ಬ್ಯಾಂಕಲ್ಲೇ ಸರ್ವಿಸ್ ಮುಗಿಸಿದವ, ಹೀಗೂ ಮಾಡ್ಲಿಕ್ಕೆ ಆಗ್ತದಾ?
— ಓದುಗರು, ಉಡುಪಿ

ಆಗ್ತದೆ, ಮಾಡಿದ್ರು.

ಶುರುವಾದದ್ದು ಯುದ್ಧದ ಮಧ್ಯೆ. 1968ರ ಜನವರಿಯಲ್ಲಿ ನೈಜೀರಿಯಾ ತನ್ನ ನೋಟು ಬದಲಿಸಿತು, ಹಳೇ ನೋಟು ಅಮಾನ್ಯ, ಬಯಾಫ್ರಾದ ಖಜಾನೆಯಲ್ಲಿದ್ದದ್ದೆಲ್ಲ ಹಳೇ ನೋಟು. ನೋಟು ಬಂದಿಯ ಏಟು ಹೇಗಿರ್ತದೆ ಅಂತ ಕೌಂಟರಲ್ಲಿ ಕೂತ ನಿಮಗೆ ಗೊತ್ತುಂಟು, ಇಲ್ಲಿ ಅದೇ ಶತ್ರುವಿನ ಮೇಲೆ ಹೊಡೆದದ್ದು. ಬಯಾಫ್ರಾದವರು ತಮ್ಮದೇ ಪೌಂಡ್ ಅಚ್ಚು ಹಾಕಿದ್ರು, ಜನ ಅದರಲ್ಲೇ ಸಂಬಳ, ವ್ಯಾಪಾರ, ಠೇವಣಿ ಎಲ್ಲ ಮಾಡಿದ್ರು. 1970ರ ಜನವರಿಯಲ್ಲಿ ಅದು ಬರೀ ಕಾಗದ ಆಯ್ತು. ಆಮೇಲೆ ಸರ್ಕಾರ ಹೇಳಿದ್ದು, ಯುದ್ಧದ ಕಾಲದಲ್ಲಿ ವ್ಯವಹಾರ ಆದ ಖಾತೆಯನ್ನು ಹಳೇ ಬ್ಯಾಲೆನ್ಸಿನ ಪ್ರಕಾರ ಕೊಡ್ಲಿಕ್ಕೆ ಆಗುವುದಿಲ್ಲ, ಬಯಾಫ್ರಾ ನೋಟು ತಂದು ಒಪ್ಪಿಸಿದವರಿಗೆ ಎಷ್ಟೇ ತಂದ್ರೂ ಒಟ್ಟಿಗೆ 20 ಪೌಂಡ್. ಆಗ ಹಣಕಾಸು ನೋಡ್ತಿದ್ದದ್ದು ಯೊರುಬಾ ನಾಯಕ ಒಬಾಫೆಮಿ ಅವೊಲೊವೊ. ದಾಖಲೆ ಸುಟ್ಟು ಹೋಗಿದೆ, ಲೆಕ್ಕ ಹೊಂದಿಸ್ಲಿಕ್ಕೆ ಸಾಧ್ಯ ಇಲ್ಲ ಅನ್ನುವುದು ಅವರ ಕಡೆಯ ಸಮರ್ಥನೆ. ಸ್ವಲ್ಪ ಮಟ್ಟಿಗೆ ನಿಜವೂ ಇದ್ದೀತು. ಆದ್ರೆ ಇಪ್ಪತ್ತು ಅನ್ನುವ ಅಂಕೆ ಯಾವ ಲೆಡ್ಜರಿಂದ ಬಂತು ಸ್ವಾಮೀ? ಲೆಡ್ಜರ್ ಇಲ್ಲದಿದ್ರೆ ಪಾಸ್‌ಬುಕ್ ಇರುವವನ ಪಾಸ್‌ಬುಕ್ಕಾದ್ರೂ ನೋಡ್ಬಹುದಿತ್ತು.

ಇದರ ಮೇಲೆ ಇನ್ನೊಂದು ಬಿತ್ತು. 1972ರಲ್ಲಿ ವಿದೇಶಿ ಕಂಪನಿಗಳು ತಮ್ಮ ಷೇರನ್ನು ನೈಜೀರಿಯಾದವರಿಗೆ ಮಾರಬೇಕು ಅಂತ ಆದೇಶ ಬಂತು. ಪೇಪರಲ್ಲಿ ನೋಡಿದ್ರೆ ದೇಶಪ್ರೇಮದ ಕಾನೂನು. ಇಪ್ಪತ್ತು ಪೌಂಡಿನವ ಎಂತ ಷೇರು ತಗೊಳ್ಳುವುದು? ಲೇಗೋಸಿನ ಶ್ರೀಮಂತರು ತಗೊಂಡ್ರು. ಇನ್ನು ಮನೆಗಳ ಕತೆ. ಲೇಗೋಸಿಗೆ ವಾಪಸ್ ಹೋದ ಕೆಲವು ಇಗ್ಬೊಗಳಿಗೆ ಅವರ ಮನೆ ಸಿಕ್ಕಿತು, ಪಕ್ಕದ ಯೊರುಬಾದವರು ಅಷ್ಟು ವರ್ಷದ ಬಾಡಿಗೆ ಕೂಡ ಎತ್ತಿಟ್ಟು ಕೈಗೆ ಕೊಟ್ಟದ್ದುಂಟು, ಇದನ್ನು ಇಗ್ಬೊಗಳೇ ನೆನೆಸ್ತಾರೆ. ಪೋರ್ಟ್ ಹಾರ್ಕೋರ್ಟಲ್ಲಿ ಮಾತ್ರ "ಬಿಟ್ಟು ಹೋದ ಆಸ್ತಿ" ಅಂತ ಹೆಸರಿಟ್ಟು ಹೆಚ್ಚಿನವರದ್ದು ಕೈ ತಪ್ಪಿತು, ತಗೊಂಡವರು ಇಗ್ಬೊಗಳ ಕೈಕೆಳಗೆ ಇದ್ದು ಬೇಜಾರಾಗಿದ್ದ ಅಲ್ಲಿಯದ್ದೇ ಸಣ್ಣ ಸಮುದಾಯದವರು.

ಬಯಾಫ್ರಾ ಶರಣಾದ ದಿನ ಗೋವನ್ "ಗೆದ್ದವರೂ ಇಲ್ಲ, ಸೋತವರೂ ಇಲ್ಲ" ಅಂದಿದ್ರು. ಮಾತಿಗೆ ತಕ್ಕ ಹಾಗೆ ಸಾಮೂಹಿಕ ಕೊಲೆ ಆಗ್ಲಿಲ್ಲ, ಗಲ್ಲಿನ ವಿಚಾರಣೆ ನಡಿಲಿಲ್ಲ, ಎಷ್ಟೋ ಜನ ಹಳೇ ಸರ್ಕಾರಿ ಕೆಲಸಕ್ಕೆ ವಾಪಸ್ ಹೋದ್ರು, ಇದು ಸಣ್ಣ ವಿಷಯ ಅಲ್ಲ, ಅಂಥ ಯುದ್ಧ ಆದ ಮೇಲೆ ಬೇರೆ ದೇಶಗಳಲ್ಲಿ ಎಂತ ಆಗಿದೆ ಅಂತ ನೋಡಿದ್ರೆ ಗೋವನ್‌ಗೆ ಅಷ್ಟು ಕ್ರೆಡಿಟ್ ಕೊಡ್ಲೇಬೇಕು. ಆದ್ರೆ ಸೋತವರೇ ಇಲ್ಲ ಅಂದ ಮೇಲೆ ನಷ್ಟ ಕೇಳ್ಲಿಕ್ಕೂ ಯಾರೂ ಇಲ್ಲ ಅಂತ ಆಯ್ತು. ಆಗ ವಿಚಾರಣಾ ಆಯೋಗ ಮಾಡ್ಲಿಲ್ಲ, ಸತ್ತವರ ಪಟ್ಟಿ ಮಾಡ್ಲಿಲ್ಲ. ಶಾಲೆಯಲ್ಲಿ ಇತಿಹಾಸ ಅನ್ನುವ ಪ್ರತ್ಯೇಕ ಪಾಠವನ್ನೇ ಕೆಲವು ವರ್ಷ ತೆಗೆದು ಹಾಕಿದ್ರು, ಮತ್ತೆ ವಾಪಸ್ ತಂದ್ರು. ಅಜ್ಜಿ ಹೇಳಿದ್ದಷ್ಟೇ ಉಳಿಯಿತು, ಅದು ಮನೆ ಮನೆಗೆ ಬೇರೆ. ಆ ಖಾಲಿ ಜಾಗಕ್ಕೇ ಮುಂದೆ ಲಂಡನ್ನಿಂದ ಕಾನುವಿನ ರೇಡಿಯೋ ಬಂದು ಕೂತದ್ದು. ನನ್ನ ಕೇಳಿದ್ರೆ ಇವತ್ತಿನ ಪ್ರತ್ಯೇಕತಾವಾದಕ್ಕೆ ಯುದ್ಧಕ್ಕಿಂತ ಯುದ್ಧ ಮುಗಿಸಿದ ರೀತಿಯೇ ಜಾಸ್ತಿ ಕಾರಣ.

ಅಷ್ಟೆಲ್ಲ ಕಳಕೊಂಡವರು ಮತ್ತೆ ಹೇಗೆ ನೈಜೀರಿಯಾದ ಅರ್ಧ ಮಾರ್ಕೆಟ್ ಹಿಡ್ಕೊಂಡ್ರು?
— ಹೋಟೆಲ್ ಉದ್ಯಮಿ, ಪಡುಬಿದ್ರಿ

ನಿಮಗೆ ಇದು ಬೇಗ ಅರ್ಥ ಆಗ್ತದೆ. ಊರಿಂದ ಹುಡುಗನನ್ನು ಮುಂಬೈ ಹೋಟೆಲಿಗೆ ಕಳಿಸಿ, ಗ್ಲಾಸು ತೊಳೆದು, ಸಪ್ಲೈ ಮಾಡಿ, ಗಲ್ಲಾದಲ್ಲಿ ಕೂತು, ಕೊನೆಗೆ ಸ್ವಂತ ಹೋಟೆಲ್ ಹಾಕ್ತಿದ್ರಲ್ಲ, ಅದೇ. ಇಗ್ಬೊಗಳಲ್ಲಿ ಅದಕ್ಕೆ ಇಗ್ಬಾ-ಬೊಯ್ ಅಂತಾರೆ, ಒಂದು ವ್ಯತ್ಯಾಸ ಎಂತ ಅಂದ್ರೆ ಅಲ್ಲಿ ಐದಾರು ವರ್ಷ ಸಂಬಳ ಇಲ್ಲದೆ ದುಡಿದ ಹುಡುಗನಿಗೆ ಅವಧಿ ಮುಗಿದಾಗ ಯಜಮಾನನೇ ಬಂಡವಾಳ ಕೊಟ್ಟು ಅಂಗಡಿ ಇಟ್ಟು ಕೊಡ್ಬೇಕು, ಅವನು ನಾಳೆ ಎದುರಿನ ಅಂಗಡಿ ಆದ್ರೂ ಸರಿ. ಯುದ್ಧದ ಮುಂಚೆಯೂ ಇತ್ತು, ಯುದ್ಧ ಆದ ಮೇಲೆ ಬೇರೆ ದಾರಿಯೇ ಇಲ್ಲದೆ ಊರಿಗೆ ಊರೇ ಇದಕ್ಕೆ ಬಿತ್ತು. ನ್ನೆವಿಯಲ್ಲಿ ಗಾಡಿಯ ಸ್ಪೇರ್ ಪಾರ್ಟ್ಸ್, ಅಬಾದಲ್ಲಿ ಚಪ್ಪಲಿ ಬಟ್ಟೆ, ಲೇಗೋಸಿನ ಅಲಾಬಾದಲ್ಲಿ ಎಲೆಕ್ಟ್ರಾನಿಕ್ಸ್, ಒನಿಟ್ಶಾ ಮಾರ್ಕೆಟಲ್ಲಿ ಎಲ್ಲವೂ. ಯಜಮಾನ ಕೊನೇ ವರ್ಷ ಕಳ್ಳತನದ ಆರೋಪ ಹಾಕಿ ಹುಡುಗನನ್ನು ಬರಿಗೈಯಲ್ಲಿ ಓಡಿಸುವ ಕತೆಗಳೂ ಅಲ್ಲಿ ಬೇಕಾದಷ್ಟುಂಟು. "ಅರ್ಧ ಮಾರ್ಕೆಟ್" ಅಂದ್ರಲ್ಲ, ಇಂಥ ಮಾತಿಂದಲೇ 1966ರಲ್ಲಿ ಶುರುವಾದದ್ದು, ಸ್ವಲ್ಪ ನೋಡಿ ಹೇಳಿ.

ಒಜುಕ್ವು ಹೀರೋನಾ ವಿಲನ್ನಾ? ಒಂದೇ ಶಬ್ದದಲ್ಲಿ ಹೇಳಿ.
— ಓದುಗರು, ಬಂಟ್ವಾಳ

ಒಂದೇ ಶಬ್ದದಲ್ಲಿ ಆಗುವುದಿಲ್ಲ. ದೇಶದ ದೊಡ್ಡ ಶ್ರೀಮಂತರೊಬ್ಬರ ಮಗ, ಆಕ್ಸ್‌ಫರ್ಡಲ್ಲಿ ಕಲಿತವರು, ಹುಟ್ಟಿದ್ದು ಉತ್ತರದಲ್ಲಿ. ಸೋಲು ಖಂಡಿತ ಅಂತಾದಾಗ 1970ರ ಜನವರಿ 11ಕ್ಕೆ ವಿಮಾನ ಹತ್ತಿ ಹೋದ್ರು, ನಿಂತು ಶರಣಾಗುವ ಕೆಲಸ ಫಿಲಿಪ್ ಎಫಿಯಾಂಗ್‌ಗೆ ಬಿತ್ತು, ಅವರು ಇಗ್ಬೊ ಕೂಡ ಅಲ್ಲ. 1982ರಲ್ಲಿ ಕ್ಷಮೆ ಸಿಕ್ಕಿ ವಾಪಸ್ ಬಂದು, ಎರಡು ಸಲ ಅದೇ ನೈಜೀರಿಯಾದ ಅಧ್ಯಕ್ಷ ಚುನಾವಣೆಗೆ ನಿಂತು ಸೋತು, 2011ರಲ್ಲಿ ತೀರಿಕೊಂಡ್ರು. ಒಕ್ಕೂಟದ ಸೈನ್ಯವೇ ಮಿಲಿಟರಿ ಗೌರವ ಕೊಟ್ಟು ಮಣ್ಣು ಮಾಡಿತು.

ಬೇಕಾದವರಿಗೆ ಬೇರೆ ದೇಶ ಕೊಟ್ಟುಬಿಟ್ರೆ ಮುಗೀತಲ್ಲ, ಯಾಕೆ ಇಷ್ಟು ರಂಪ?
— ಓದುಗರು, ಕುಂದಾಪುರ

ಗಡಿ ಎಲ್ಲಿ ಎಳೀತೀರಿ? 1967ರ ಬಯಾಫ್ರಾದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಇಗ್ಬೊಗಳಲ್ಲ, ಇಜೊ, ಇಬಿಬಿಯೊ, ಎಫಿಕ್, ಒಗೊನಿ ಹೀಗೆ. ಎಣ್ಣೆ ಹೆಚ್ಚಾಗಿ ಇದ್ದದ್ದು, ಸಮುದ್ರ ಇದ್ದದ್ದು ಅವರ ಕಡೆ. ಒಜುಕ್ವುಗಿಂತ ಮೊದಲೇ, 1966ರ ಫೆಬ್ರವರಿಯಲ್ಲಿ, ಇಜೊ ಹುಡುಗ ಐಸಾಕ್ ಬೋರೊ ಅನ್ನುವವರು ನೈಜರ್ ಡೆಲ್ಟಾ ಗಣರಾಜ್ಯ ಅಂತ ಘೋಷಿಸಿ 12 ದಿನ ನಡೆಸಿದ್ರು, ಮತ್ತೆ ಯುದ್ಧದಲ್ಲಿ ಬಯಾಫ್ರಾದ ವಿರುದ್ಧವೇ ಹೋರಾಡಿ ಸತ್ತರು. ಗೋವನ್ ರಾಜ್ಯ ತುಂಡು ಮಾಡಿದ್ದು ಇದನ್ನು ನೋಡಿಯೇ, ಕುತಂತ್ರ ಹೌದು, ಆದ್ರೆ ಆ ಸಣ್ಣ ಸಮುದಾಯಗಳಿಗೆ ಬೇಕಾದದ್ದೂ ಹೌದು. ನಮ್ಮಲ್ಲಿ 1956ರಲ್ಲಿ ಒಂದು ಗೆರೆ ಎಳೆದು ಕಾಸರಗೋಡು ಆಚೆ ಹೋದದ್ದರ ಮಾತು ಇನ್ನೂ ಮುಗಿದಿಲ್ಲ, ಅದು ಒಂದೇ ದೇಶದ ಒಳಗಿನ ಗೆರೆ.

ಇನ್ನೊಂದು, ಇವತ್ತು ಇಗ್ಬೊಗಳ ರಾಜ್ಯ ಅಂದ್ರೆ ಅಬಿಯಾ, ಅನಂಬ್ರಾ, ಎಬೊನಿ, ಎನುಗು, ಇಮೊ, ಈ ಐದು. ಆದ್ರೆ ಲಕ್ಷಗಟ್ಟಲೆ ಇಗ್ಬೊಗಳು ಲೇಗೋಸ್, ಕಾನೊ, ಅಬುಜಾದಲ್ಲಿ ಅಂಗಡಿ ಮನೆ ಮಾಡ್ಕೊಂಡಿದ್ದಾರೆ. 2017ರಲ್ಲಿ ಬಯಾಫ್ರಾ ಗಲಾಟೆ ಜೋರಾದಾಗ ಉತ್ತರದ ಕೆಲವು ಯುವ ಸಂಘಟನೆಗಳು "ಅಕ್ಟೋಬರ್ 1ರೊಳಗೆ ಇಗ್ಬೊಗಳು ಖಾಲಿ ಮಾಡಿ" ಅಂತ ನೋಟಿಸ್ ಕೊಟ್ಟವು, ಆಮೇಲೆ ವಾಪಸ್ ತಗೊಂಡವು. ಬೇರೆ ದೇಶ ಆದ ದಿನ ಇವರೆಲ್ಲ ಅಲ್ಲಿ ಪರದೇಶಿಗಳು. 2023ರ ಅಧ್ಯಕ್ಷ ಚುನಾವಣೆಯಲ್ಲಿ ಇಗ್ಬೊ ಅಭ್ಯರ್ಥಿ ಪೀಟರ್ ಓಬಿ ಒಟ್ಟು ಮೂರನೇ ಸ್ಥಾನಕ್ಕೆ ಬಂದ್ರೂ ಲೇಗೋಸ್ ರಾಜ್ಯದಲ್ಲಿ ಜಾಸ್ತಿ ಮತ ತಗೊಂಡ್ರು, ಅದೂ ಗೆದ್ದು ಅಧ್ಯಕ್ಷರಾದ ಎದುರಾಳಿ ಟಿನುಬು ಅವರದ್ದೇ ಕೋಟೆಯಲ್ಲಿ, ಬೇರೆ ಸಮುದಾಯದ ಯುವಕರೂ ಹಾಕಿದ್ರು. ಬಯಾಫ್ರಾ ಬೇಕು ಅನ್ನುವವರು ಆ ಫಲಿತಾಂಶದ ಬಗ್ಗೆ ಮಾತಾಡುವುದು ಕಡಿಮೆ. ದುಃಖ ನಿಜ, ಅದನ್ನು ಒಪ್ಪಿಕೊಳ್ಳದ ಸರ್ಕಾರದ ತಪ್ಪೂ ನಿಜ, ಆದ್ರೆ ಅದಕ್ಕೆ ಬೇರೆ ಪಾಸ್‌ಪೋರ್ಟೇ ಮದ್ದು ಅಂತ ನನಗೆ ಅನಿಸುವುದಿಲ್ಲ. ಜನಮತ ಕೇಳಿ ಅನ್ನುವುದು ಮಾತ್ರ ಅಪರಾಧ ಅಲ್ಲ, ಅದನ್ನು ಅಪರಾಧ ಮಾಡಿದ್ದರಿಂದಲೇ ಬಂದೂಕಿನವರಿಗೆ ಜಾಗ ಆದದ್ದು.

ನಮ್ಮದು ಗೇರುಬೀಜದ ಫ್ಯಾಕ್ಟರಿ. ಎನುಗು ಕಡೆಯ ಪಾರ್ಟಿಯೊಬ್ಬರಿಂದ ಕಚ್ಚಾ ಬೀಜ ತರಿಸುವ ಮಾತುಕತೆ ನಡೀತಾ ಉಂಟು. ಅವರು ಸೋಮವಾರ ಫೋನ್ ತೆಗೆಯುವುದೇ ಇಲ್ಲ, ಕೇಳಿದ್ರೆ "ಸಿಟ್ ಅಟ್ ಹೋಮ್" ಅಂತಾರೆ. ಇದು ಉದಾಸೀನವಾ ಎಂತ?
— ಉದ್ಯಮಿ, ಬೈಕಂಪಾಡಿ

ಉದಾಸೀನ ಅಲ್ಲ, ಹೆದರಿಕೆ. ಕಾನುವನ್ನು 2021ರ ಜೂನಲ್ಲಿ ಕೀನ್ಯಾದಲ್ಲಿ ಹಿಡಿದು ನೈಜೀರಿಯಾಕ್ಕೆ ತಂದ್ರು. ಅವರ ಬಿಡುಗಡೆಗೋಸ್ಕರ ಅವರ ಸಂಘಟನೆ ಐಪಾಬ್ ಆ ಆಗಸ್ಟ್ 9ರಿಂದ ಪ್ರತಿ ಸೋಮವಾರ ಐದೂ ರಾಜ್ಯ ಬಂದ್ ಅಂತ ಕರೆ ಕೊಟ್ಟಿತು. ಸ್ವಲ್ಪ ಸಮಯಕ್ಕೆ ಸಂಘಟನೆಯೇ ವಾಪಸ್ ತಗೊಂಡ್ರೂ ಬಂದ್ ನಿಲ್ಲಲಿಲ್ಲ. ಫಿನ್ಲೆಂಡಲ್ಲಿ ಕೂತ ಸೈಮನ್ ಎಕ್ಪಾ ಅನ್ನುವವರು ಅಲ್ಲಿಂದಲೇ ಆರ್ಡರ್ ಹಾಕ್ತಿದ್ರು, ನೈಜೀರಿಯಾದಲ್ಲಿ ಅಂಗಡಿ ತೆರೆದವರ ಮೇಲೆ ಬಂದೂಕಿನವರು ಬರ್ತಿದ್ರು. ಮಕ್ಕಳ ಪರೀಕ್ಷೆಗಳಿಗೂ ತೊಂದರೆ ಆಯ್ತು, ಬ್ಯಾಂಕು, ಮಾರ್ಕೆಟು, ಬಸ್ಸು ಎಲ್ಲ ಬಂದ್. ಇಗ್ಬೊಗಳ ಹೆಸರಲ್ಲಿ ಇಗ್ಬೊಗಳದ್ದೇ ದುಡಿಮೆಗೆ ಕಲ್ಲು. ಎಕ್ಪಾಗೆ 2025ರ ಸೆಪ್ಟೆಂಬರ್ 1ಕ್ಕೆ ಫಿನ್ಲೆಂಡಿನ ಕೋರ್ಟು ಆರು ವರ್ಷ ಜೈಲು ಕೊಟ್ಟಿತು. ಆದ್ರೂ ಯಾರು ಎಂತ ಹೇಳಿದ್ರೂ ಸೋಮವಾರ ಹೊರಗೆ ಹೋಗ್ಲಿಕ್ಕೆ ಅಲ್ಲಿಯ ಜನರಿಗೆ ಧೈರ್ಯ ಸುಲಭಕ್ಕೆ ಬರುವುದಿಲ್ಲ.

ಹಾಗಾಗಿ ನಿಮ್ಮ ಪಾರ್ಟಿಗೆ ಬೈಬೇಡಿ. ಲೋಡಿಂಗ್ ದಿನ ಗೊತ್ತು ಮಾಡುವಾಗ ವಾರಕ್ಕೆ ಅವರಿಗೆ ಎಷ್ಟು ದಿನ ಕೆಲಸ ಅಂತ ಮೊದಲೇ ಕೇಳಿ ಅಗ್ರಿಮೆಂಟಲ್ಲಿ ಬರೆಸಿ, ಲೇಗೋಸ್ ಬಂದರಿಗೆ ಲಾರಿ ಸೋಮವಾರ ಹೊರಡುವ ಹಾಗೆ ಇಟ್ಕೊಳ್ಬೇಡಿ, ಬೀಜದ ತೇವಾಂಶದ ಟೆಸ್ಟ್ ಹಡಗು ಹತ್ತುವ ಮೊದಲೊಮ್ಮೆ, ಪಣಂಬೂರಲ್ಲಿ ಇಳಿದ ಮೇಲೆ ಇನ್ನೊಮ್ಮೆ ಮಾಡಿಸಿ. ಅಡ್ವಾನ್ಸ್ ಎಷ್ಟು ಕೊಡ್ಬಹುದು ಅಂತಲೂ ಕೇಳಿದ್ದೀರಿ, ಅದು ನಮ್ಮ ಅಂಕಣದ ಕೆಲಸ ಅಲ್ಲ, ನಿಮ್ಮ ಬ್ಯಾಂಕಿನವರನ್ನು ಕೇಳಿ.